ಮೇಲಿನಕ್ಕ ಇಳಿದು ಬಂದ ದಿನ

ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಶೆಡ್ಡಿನ ತಗಡಿನ ಮಾಡಿನ ಕೆಳಗೆ ಇನ್ನೂ ಕತ್ತಲು. ಗೋಡೆಗಂಟಿದ ಕಬ್ಬಿಣದ ಏಣಿ ಹಿಡಿದು ಹೆಂಗಸೊಬ್ಬರು ಮೇಲೇರುತ್ತಿದ್ದಾರೆ. ತಲೆಗೆ ಹಳದಿ ಹೆಲ್ಮೆಟ್, ಬೆನ್ನಿಗೊಂದು ಚೀಲ, ಕೈಗೆ ಸವೆದ ಚರ್ಮದ ಗ್ಲೌಸು. ಅವಸರವಿಲ್ಲ. ಒಂದು ಕಾಲು ಊರಿದ ಮೇಲೆಯೇ ಇನ್ನೊಂದು. ಮೂರಂತಸ್ತಿನ ಮನೆಯಷ್ಟು ಎತ್ತರದಲ್ಲಿ, ಮಾಡಿಗೆ ಜೋತುಬಿದ್ದಂತಿರುವ ಗಾಜಿನ ಗೂಡು ಅವರ ಕ್ಯಾಬಿನ್. ಒಳಹೊಕ್ಕು ಕೂತವರು ಕೂಡಲೇ ಸ್ವಿಚ್ಚಿಗೆ ಕೈ ಹಾಕುವುದಿಲ್ಲ. ಕಣ್ಣು ಮುಚ್ಚಿ ತೆರೆಯುತ್ತಾರೆ. ಕೆಳಗೆ ನೆಲಕ್ಕೆ ಬಳಿದ ಗೆರೆಯನ್ನು ದಿಟ್ಟಿಸುತ್ತಾರೆ. ಗೆರೆ ಅಲುಗಾಡದಿದ್ದರೆ ಸರಿ.

"ಯಂತ್ರ ಚೆಕ್ ಮಾಡೋಕ್ ಮುಂಚೆ ನನ್ನ ನಾನು ಚೆಕ್ ಮಾಡ್ಕೋತೀನಿ," ಎನ್ನುತ್ತಾರೆ. ಆಮೇಲೆ ಸೈರನ್ ಕೂಗುತ್ತದೆ. ಕ್ರೇನಿನ ಕೊಕ್ಕೆ ಕೆಳಗಿಳಿಯುತ್ತದೆ.

ಉಕ್ಕಿನ ಹಾಳೆಯ ಸುರುಳಿಗಳು ಲಾರಿಗಳಲ್ಲಿ ಬಂದಿಳಿಯುವ ಕಾರ್ಖಾನೆ ಇದು. ಒಂದೊಂದು ಸುರುಳಿ ಎರಡು ಆನೆಯ ತೂಕ. ಅದನ್ನು ಎತ್ತಿ, ಶೆಡ್ಡಿನ ಉದ್ದಕ್ಕೂ ಸಾಗಿಸಿ, ಯಂತ್ರದ ಬಾಯಿಗೆ ಮೊಟ್ಟೆ ಇಟ್ಟಷ್ಟು ಹಗುರಾಗಿ ಇಡುವುದು ಇವರ ಕೆಲಸ. ಒಂದು ಪಾಳಿಯಲ್ಲಿ ಸುಮಾರು ನಲವತ್ತು ಸುರುಳಿ. ಕೆಳಗೆ ಓಡಾಡುವ ಜನರಿಗೆ ಇವರ ಮುಖ ಕಾಣುವುದೇ ಅಪರೂಪ. ಹಾಗಾಗಿ ವಯಸ್ಸಿನಲ್ಲಿ ದೊಡ್ಡವರೂ ಚಿಕ್ಕವರೂ ಕರೆಯುವುದು ಒಂದೇ ಹೆಸರಿನಿಂದ: ಮೇಲಿನಕ್ಕ.

ಹದಿನೆಂಟು ವರ್ಷದ ಹಿಂದೆ ಇವರು ಇದೇ ಶೆಡ್ಡಿನ ನೆಲ ಗುಡಿಸುತ್ತಿದ್ದರು. ಕ್ರೇನ್ ಕಲಿಯುವವರು ಯಾರಿದ್ದೀರಿ ಎಂದು ಕಂಪನಿ ಕೇಳಿದಾಗ ಕೈ ಎತ್ತಿದರು. "ಕೆಳಗಡೆ ಬರೀ ಧೂಳು. ಮೇಲೆ ಒಳ್ಳೆ ಗಾಳಿ ಇರ್ಬೋದು ಅಂದ್ಕೊಂಡೆ. ಅಲ್ಲಿ ಕಾವಲಿ ಮೇಲೆ ಕೂತಂಗಿರತ್ತೆ ಅಂತ ಯಾರೂ ಹೇಳ್ಲಿಲ್ಲ ನೋಡಿ!" ಅವರ ಯಜಮಾನರದು ಮೂಲೆಯ ಬೀದಿಯಲ್ಲಿ ಕ್ಷೌರದಂಗಡಿ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ: "ನಮ್ಮನೇಲಿ ಎತ್ತರದ ಕೆಲ್ಸ ಅವಳ್ದು, ತಲೆ ಕೆಲ್ಸ ನಂದು."

ತೊಂದರೆ ಶುರುವಾದದ್ದು ನಲವತ್ತಾರನೇ ವಯಸ್ಸಿನಲ್ಲಿ. ಮುಟ್ಟು ಎರಡು ತಿಂಗಳು ನಾಪತ್ತೆಯಾಗುತ್ತಿತ್ತು. ಬಂದರೆ ಹೋಗುವ ಮಾತೇ ಇಲ್ಲ. ರಕ್ತ ಹೆಪ್ಪುಹೆಪ್ಪಾಗಿ ಹೋಗುತ್ತಿತ್ತು. ಮೇಲೆ ಕ್ಯಾಬಿನ್ನಿನಲ್ಲಿ ಶೌಚಾಲಯವಿಲ್ಲ. ಇಳಿದರೆ ಇಡೀ ಶೆಡ್ಡಿನ ಕೆಲಸ ನಿಲ್ಲುತ್ತದೆ. ಕಪ್ಪು ಪ್ಯಾಂಟು ಹಾಕಿ, ಒಂದರ ಮೇಲೊಂದು ಪ್ಯಾಡ್ ಇಟ್ಟು, ನೀರು ಕುಡಿಯುವುದನ್ನೇ ಬಿಟ್ಟರು. ಬಾಯಿಗೆ ಬೀಗ. "ಈ ವಯಸ್ಸಲ್ಲಿ ಎಲ್ಲರಿಗೂ ಹಂಗೇ, ನಿಂತು ಹೋಗೋಕ್ ಮುಂಚೆ ಒಂದ್ಸಲ ಕುಣಿಯತ್ತೆ ಅಂತ ಅತ್ತೆ ಹೇಳಿದ್ರು. ನಂದು ಕುಣಿತ ಮುಗೀಲೇ ಇಲ್ಲ."

ಒಂದು ದಿನ ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ ಮನೆಗೆ ಬಂದಾಗ, ಅಕ್ಕ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕುಳಿತಿದ್ದರು. ಮುಖ ಸುಣ್ಣದಂತಾಗಿತ್ತು. ತಂಗಿ ಅವರನ್ನು ನೇರ ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನ್ ಆಯಿತು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೂ ಕಳಿಸಿದರು. ಕೆಟ್ಟದ್ದೇನೂ ಸಿಗಲಿಲ್ಲ. ಹಾರ್ಮೋನಿನ ಏರುಪೇರು, ಜೊತೆಗೆ ರಕ್ತಹೀನತೆ. ಡಾಕ್ಟರಮ್ಮ ಹಾರ್ಮೋನ್ ಗುಳಿಗೆ ಮತ್ತು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟರು. ಏನು ಕೆಲಸ ಎಂದು ಕೇಳಿದಾಗ ಇವರು "ಕಾರ್ಖಾನೆ" ಎಂದರು. ಮಾತು ಅಲ್ಲಿಗೇ ನಿಂತಿತು.

ರಕ್ತ ಹತೋಟಿಗೆ ಬಂತು. ಆದರೆ ಮೂಗಿಗಿಂತ ಮೂಗುತಿ ಭಾರ ಎಂಬಂತಾಯಿತು. ಹೊಟ್ಟೆ ಉಬ್ಬರ, ಸ್ತನಗಳಲ್ಲಿ ನೋವು, ಸುಮ್ಮಸುಮ್ಮನೆ ಅಳು. ಕಬ್ಬಿಣದ ಗುಳಿಗೆಗೆ ಮಲಬದ್ಧತೆ. ಎಲ್ಲಕ್ಕಿಂತ ಹೆಚ್ಚಾಗಿ ಮಂಪರು. "ಹಗಲು ಹೊತ್ತು ಯಾರೋ ಕಂಬಳಿ ಹೊದಿಸ್ತಿರೋ ಹಾಗೆ. ಹಲ್ಲು ಕಚ್ಕೊಂಡು ಕೂತಿರ್ತಿದ್ದೆ."

ಆ ದಿನವೂ ಬೆಳಗಿನ ಪಾಳಿಯೇ. ಸುರುಳಿ ಗಾಳಿಯಲ್ಲಿತ್ತು, ಕ್ರೇನ್ ಚಲಿಸುತ್ತಿತ್ತು. ಇವರ ರೆಪ್ಪೆಗಳು ಒಂದು ಗಳಿಗೆ ಕೂಡಿಕೊಂಡವು. ತೆರೆದಾಗ ಸುರುಳಿ ನಿಲ್ಲಬೇಕಾದ ಜಾಗ ದಾಟಿ ಹೋಗಿತ್ತು. ಕೆಳಗೆ ಕೊಕ್ಕೆ ಸಿಕ್ಕಿಸುವ ಹಿರಿಯ ಕೆಲಸಗಾರ, ಎಲ್ಲರ ಬಾಯಲ್ಲಿ ಕೊಕ್ಕೆ ಅಣ್ಣ, ಎರಡೂ ಕೈ ಬೀಸುತ್ತ ಕೂಗುತ್ತಿದ್ದ. ಅದೃಷ್ಟಕ್ಕೆ ಅದರಡಿ ಯಾರೂ ಇರಲಿಲ್ಲ. ಇವರು ಕ್ರೇನ್ ನಿಲ್ಲಿಸಿ, ಸುರುಳಿಯನ್ನು ಖಾಲಿ ಜಾಗಕ್ಕೆ ಇಳಿಸಿ, ಸ್ವಿಚ್ ಆರಿಸಿ, ವಾಕಿಟಾಕಿ ಎತ್ತಿಕೊಂಡರು.

"ಅಣ್ಣಾ, ನಾನು ಇಳೀತಿದೀನಿ. ಇವತ್ತು ಇನ್ನೇನೂ ಎತ್ತಲ್ಲ."

"ಯಾಕಕ್ಕಾ? ಕೇಬಲ್ ಏನಾದ್ರೂ..."

"ಕೇಬಲ್ ಸರಿ ಇದೆ. ನಾನೇ ಸರಿ ಇಲ್ಲ."

ಒಂದೊಂದೇ ಮೆಟ್ಟಿಲು ಊರಿ ಏಣಿ ಇಳಿದರು. ಶೆಡ್ಡಿನ ಜನವೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಇವರು ಸೀದಾ ಸೂಪರ್‌ವೈಸರ್ ಕೋಣೆಗೆ ಹೋದರು. ಅಷ್ಟು ದಿನ ಮುಚ್ಚಿಟ್ಟಿದ್ದನ್ನು ನಿಂತ ಕಾಲಲ್ಲೇ ಹೇಳಿದರು: "ಸರ್, ನಂಗೆ ಮುಟ್ಟಿನ ತೊಂದ್ರೆ. ರಕ್ತ ಜಾಸ್ತಿ ಹೋಗತ್ತೆ. ಅದಕ್ಕೆ ಗುಳಿಗೆ ತಗೋತಿದೀನಿ, ಗುಳಿಗೆಗೆ ನಿದ್ದೆ ಬರತ್ತೆ. ಈಗ ಒಂದು ಸುರುಳಿ ತಪ್ಪಿ ಮುಂದೆ ಹೋಯ್ತು."

ಸೂಪರ್‌ವೈಸರ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. "ರಜಾ ಬೇಕೇನಮ್ಮಾ?" ಎಂದರು ಕೊನೆಗೆ.

"ರಜಾ ಬೇಡ ಸರ್. ಸರಿ ಹೋಗೋ ತನಕ ಕೆಳಗೇ ಏನಾದ್ರೂ ಕೆಲ್ಸ ಕೊಡಿ."

ಗ್ಲೌಸು, ಬೋಲ್ಟು, ನಟ್ಟು ಎಣಿಸಿ ಕೊಡುವ ಸ್ಟೋರ್‌ಗೆ ಹಾಕಿದರು. ಮೇಲಿನಕ್ಕ ಕೆಳಗಿನಕ್ಕ ಆದಳು ಎಂದು ಯಾರೋ ತಮಾಷೆ ಮಾಡಿದರು. ಬೇರೆಯವರು ನಕ್ಕರು. ಇವರೂ ನಕ್ಕರು. ಮನೆಗೆ ಹೋಗಿ, ಇಷ್ಟಕ್ಕೆಲ್ಲ ಈ ಗುಳಿಗೆಯೇ ಕಾರಣ ಎಂದು ಉಳಿದಿದ್ದನ್ನೆಲ್ಲ ಕಸದ ಬುಟ್ಟಿಗೆ ಸುರಿದರು. ಯಾರನ್ನೂ ಕೇಳಲಿಲ್ಲ.

ಹಾರ್ಮೋನ್ ಗುಳಿಗೆಯನ್ನು ನಡುವೆ ದಿಢೀರನೆ ಬಿಟ್ಟರೆ ತಡೆದಿಟ್ಟ ರಕ್ತ ಒಮ್ಮೆಲೇ ಹರಿಯಬಹುದು. ಇವರಿಗೆ ಆದದ್ದೂ ಅದೇ. ಕೆಲವೇ ದಿನಗಳಲ್ಲಿ ಸ್ಟೋರಿನ ಕಟ್ಟೆ ಹಿಡಿದು ನಿಂತಿದ್ದವರು ಹಾಗೇ ನೆಲಕ್ಕೆ ಕುಸಿದರು. ಎತ್ತಿ ಟ್ಯಾಕ್ಸಿಯವರೆಗೆ ಕರೆದೊಯ್ದವನು ಕೊಕ್ಕೆ ಅಣ್ಣ. ಸೀಟಿಗೆ ಕಲೆಯಾಗುತ್ತದೆಂದು ಇವರು ಕೂರಲು ಹಿಂಜರಿದಾಗ ಆತ ತನ್ನ ಕೋಟು ಬಿಚ್ಚಿ ಹಾಸಿ, "ಇಷ್ಟು ವರ್ಷ ನನ್ನ ತಲೆ ಮೇಲೆ ಭಾರ ಹೊತ್ತೊಯ್ದಿದೀಯ, ಒಂದಿನ ನಾನೂ ಹೊರ್ತೀನಿ, ಕೂತ್ಕೊಳ್ಳಕ್ಕಾ," ಎಂದ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ಗದರಿದರು. "ಗುಳಿಗೆ ತೊಂದರೆ ಕೊಟ್ರೆ ನನಗೆ ಬಂದು ಹೇಳಿ. ಕಸದ ಬುಟ್ಟಿಗೆ ಹೇಳಿದ್ರೆ ಅದೇನು ಮಾಡತ್ತೆ?" ಆಮೇಲೆ ಕಾರ್ಖಾನೆಯಲ್ಲಿ ಏನು ಕೆಲಸವೆಂದು ಬಿಡಿಸಿ ಕೇಳಿದರು. ಕ್ರೇನ್ ಎಂದಾಗ, "ನಾನು ಇದನ್ನ ಅವತ್ತೇ ಕೇಳ್ಬೇಕಿತ್ತು," ಎಂದರು.

ಅಲ್ಲಿಂದ ಲೆಕ್ಕ ಹೊಸದಾಗಿ ಶುರು. ಹೊಟ್ಟೆಗೆ ಒಗ್ಗದ ಕಬ್ಬಿಣಾಂಶವನ್ನು ಡ್ರಿಪ್ ಮೂಲಕ ಕೊಟ್ಟರು. ಹಾರ್ಮೋನ್ ಗುಳಿಗೆ ರಾತ್ರಿ ಊಟದ ನಂತರಕ್ಕೆ ಸರಿಯಿತು. ರಕ್ತ ನಿಂತ ಮೇಲೆ ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನದ ಬಗ್ಗೆ ಹೇಳಿದರು. ಅದು ಔಷಧಿಯನ್ನು ಅಲ್ಲೇ ಸ್ವಲ್ಪಸ್ವಲ್ಪ ಬಿಡುವುದರಿಂದ ಮಂಪರಿನ ಕಾಟ ಕಡಿಮೆಯಿರಬಹುದು. ಆದರೆ ಮೊದಲ ಕೆಲವು ತಿಂಗಳು ಹೊತ್ತುಗೊತ್ತಿಲ್ಲದೆ ರಕ್ತದ ಕಲೆ ಕಾಣಿಸುತ್ತದೆ, ಕಿಬ್ಬೊಟ್ಟೆ ಹಿಂಡುತ್ತದೆ ಎಂದೂ ಮೊದಲೇ ಹೇಳಿದರು. ಇವರು ಒಪ್ಪಿ ಹಾಕಿಸಿಕೊಂಡರು.

ಹೇಳಿದ್ದು ಒಂದು, ಅನುಭವಿಸುವುದು ಇನ್ನೊಂದು. "ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತಾರಲ್ಲ, ಹಂಗೆ. ಇವತ್ತು ನಿಂತ್ಹೋಯ್ತು ಅಂದ್ಕೊಳ್ಳೋದು, ನಾಳೆ ಮತ್ತೆ ಕಲೆ. ತೆಗೆಸಿಬಿಡ್ತೀನಿ ಅಂತ ಚಪ್ಪಲಿ ಮೆಟ್ಕೊಂಡು ಹೊರಟಿದ್ದೆ." ಬಾಗಿಲಲ್ಲಿ ತಂಗಿ ಅಡ್ಡ ನಿಂತರು. "ಹೋಗು ಅಕ್ಕ, ಆದ್ರೆ ಮೊದ್ಲು ಫೋನ್ ಮಾಡು. ಹೋದ್ಸಲ ಕೇಳ್ದೆ ಮಾಡಿದ್ದು ಸಾಲ್ದಾ?" ಫೋನ್ ಮಾಡಿದರು. ಜ್ವರವಿದೆಯೇ, ಜೋರು ನೋವಿದೆಯೇ, ಪ್ಯಾಡ್ ಬೇಗಬೇಗ ತೊಯ್ಯುತ್ತಿದೆಯೇ ಎಂದು ನರ್ಸ್ ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ. ಇನ್ನೂ ಸ್ವಲ್ಪ ಕಾಯಿರಿ, ಹೆಚ್ಚಾದರೆ ತಕ್ಷಣ ಬನ್ನಿ ಎಂದರು. ಕಾದರು. ಐದನೆಯ ತಿಂಗಳ ಹೊತ್ತಿಗೆ ಕಲೆ ಅಪರೂಪವಾಯಿತು. ಸ್ತನಗಳ ನೋವು ಆಗಾಗ ಬರುತ್ತದೆ. ಅದನ್ನು ಇವರು ಸಹಿಸಿಕೊಳ್ಳುವುದಿಲ್ಲ, ಡಾಕ್ಟರಿಗೆ ಹೇಳುತ್ತಾರೆ.

ರಕ್ತಹೀನತೆ ಸುಧಾರಿಸಿ, ವೈದ್ಯರ ಒಪ್ಪಿಗೆ ಪಡೆದು, ಕಂಪನಿಯ ಪರೀಕ್ಷೆಯಲ್ಲಿ ಪಾಸಾಗಿ ಮತ್ತೆ ಏಣಿ ಹತ್ತಿದರು. ಹತ್ತುವ ಮುಂಚೆ ಒಂದು ಷರತ್ತು ಹಾಕಿದರು: ಪಾಳಿಯ ನಡುವೆ ಇಳಿಯಲು ಬಿಡುವು ಬೇಕು, ಆ ಹೊತ್ತಿಗೆ ಪಕ್ಕದ ಶೆಡ್ಡಿನ ಆಪರೇಟರ್ ಬಂದು ಕೂರಬೇಕು. ಸೂಪರ್‌ವೈಸರ್ ಈ ಬಾರಿ ಪೆನ್ನಿನ ಜೊತೆ ಆಟವಾಡಲಿಲ್ಲ. ಅಂದೇ ವ್ಯವಸ್ಥೆ ಮಾಡಿದರು. ಈಗ ಗಂಡಸು ಆಪರೇಟರುಗಳೂ ಅದೇ ಬಿಡುವಿನಲ್ಲಿ ಇಳಿದು ನೀರು ಕುಡಿಯುತ್ತಾರೆ.

ಇನ್ನೊಂದು ಬದಲಾವಣೆ ಹೆಂಗಸರ ಶೌಚಾಲಯದ ಕನ್ನಡಿಯ ಮುಂದೆ ನಡೆಯುತ್ತದೆ. ಪ್ಯಾಕಿಂಗ್ ವಿಭಾಗದವರು, ಕ್ಯಾಂಟೀನಿನವರು, ಆಫೀಸಿನ ಮೇಡಂ ಕೂಡ ಕೈ ತೊಳೆಯುವ ನೆಪದಲ್ಲಿ ನಿಂತು ದನಿ ತಗ್ಗಿಸಿ ಕೇಳುತ್ತಾರೆ: ನಿಮಗೆ ಏನು ಕೊಟ್ಟರು? ಮೇಲಿನಕ್ಕ ಗುಳಿಗೆಯ ಹೆಸರು ಹೇಳುವುದಿಲ್ಲ. "ನಂಗೆ ಆಗಿದ್ದು ನಿಂಗೆ ಆಗ್ಬೇಕು ಅಂತಿಲ್ಲ ಕಣಮ್ಮ. ಡಾಕ್ಟ್ರ ಹತ್ರ ಹೋಗು. ನೀನು ಮಾಡೋ ಕೆಲ್ಸ ಏನು ಅಂತ ಮೊದ್ಲು ಹೇಳು. ಗುಳಿಗೆ ಏನು ಮಾಡ್ತಿದೆ ಅಂತ ಆಮೇಲೂ ಹೋಗಿ ಹೇಳು." ಅಷ್ಟೇ ಅವರ ಉಪದೇಶ.

ಬಿಡುವಿನ ಹೊತ್ತು ಮುಗಿಯುತ್ತ ಬಂದಿದೆ. ಕೊಕ್ಕೆ ಅಣ್ಣ ಏಣಿಯ ಬಳಿಯಿಂದ ಶಿಳ್ಳೆ ಹಾಕುತ್ತಿದ್ದಾನೆ. ನೀರಿನ ಬಾಟಲಿ ಖಾಲಿ ಮಾಡಿ ಎದ್ದವರನ್ನು, ಮುಂದೇನು ಆಸೆ ಎಂದು ಕೇಳಿದರೆ ಮೇಲಿನಕ್ಕ ಗ್ಲೌಸು ಏರಿಸಿಕೊಳ್ಳುತ್ತ ನಗುತ್ತಾರೆ.

"ದೊಡ್ಡ ಆಸೆ ಏನಿಲ್ಲ. ಮುಟ್ಟಿಗೂ ನಂಗೂ ಈಗ ಒಂದು ಪೈಪೋಟಿ ಇದೆ. ಮೊದ್ಲು ಅದು ರಿಟೈರ್ ಆಗ್ಲಿ. ನಾನು ನಿಧಾನಕ್ಕೆ ಆಗ್ತೀನಿ."