ಬದುವಿನ ಎರಡು ಕಡೆ ಬೆಂಕಿಪೊಟ್ಟಣ

ನಾನು ಮಳೆಯನ್ನೇ ನಂಬಿದ ನಾಗಮಂಗಲದ ಕಡೆಯ ಹೆಣ್ಣು. ದಾರಿಯಲ್ಲಿ ಒಂದು ಹಿಡಿ ರಾಗಿಹುಲ್ಲು ಬಿದ್ದರೂ ನಮ್ಮವ್ವ ಹಿಂದಿರುಗಿ ಹೋಗಿ ಎತ್ತಿಕೊಂಡು ಬರುತ್ತಿದ್ದಳು. ಅಂಥವಳ ಮಗಳು ತೊಂಬತ್ತರ ದಶಕದ ಶುರುವಿನಲ್ಲಿ ನಾಲೆ ನೀರಿನ ಕ್ಯಾತನಹಳ್ಳಿಗೆ ಸೊಸೆಯಾಗಿ ಬಂದೆ. ಕಬ್ಬು ಕಡಿದ ಗದ್ದೆಯಲ್ಲಿ ಮೊಣಕಾಲುದ್ದ ಬಿದ್ದಿದ್ದ ಒಣ ತರಗಿಗೆ ನನ್ನ ಗಂಡ ಬೆಂಕಿ ಕೊಟ್ಟಾಗ, ಏನೋ ಅನಾಹುತವಾಯಿತೆಂದು ಬಿಂದಿಗೆ ಹಿಡಿದು ಓಡಿದ್ದೆ. ಅಲ್ಲಿ ಅದು ಪ್ರತಿ ವರ್ಷದ ವಾಡಿಕೆ. ಊರು ವಾರವೆಲ್ಲ ನಕ್ಕಿತು.

ಮೂರನೇ ವರ್ಷಕ್ಕೆ ಧೈರ್ಯ ಬಂದಿತ್ತು. ಈ ಸಲ ಹಚ್ಚುವುದು ಬೇಡ, ಸಾಲುಗಳ ನಡುವೆ ಹರಡೋಣ, ಕೊಳೆತು ಗೊಬ್ಬರವಾಗಲಿ ಎಂದೆ. ಗಂಡನಿಗೆ ಗೊಬ್ಬರದ ಬಗ್ಗೆ ತಕರಾರಿರಲಿಲ್ಲ. ಆದರೆ ಬದುವಿನಾಚೆ ಅವರ ಅಣ್ಣನ ಗದ್ದೆಯಿತ್ತು.

"ಅಣ್ಣ ಅಚ್ಚೋವಾಗ ನಾನ್ ಸುಮ್ಕೆ ನಿಂತ್ರೆ, ಪಾಲಾಗಿ ಬ್ಯಾರೆಯಾದ್ಮೇಲೆ ಇವ್ನು ದೊಡ್ಡೋನಾಗ್ಬುಟ್ಟ ಅಂದ್ಕತಾನೆ ಕಣೆ" ಎಂದರು.

ಮಾರನೆಯ ದಿನ ನಾಲೆಯಲ್ಲಿ ಬಟ್ಟೆ ಒಗೆಯುವಾಗ ಇದನ್ನು ಆ ಅಣ್ಣನ ಹೆಂಡತಿಗೆ, ನನ್ನ ವಾರಗಿತ್ತಿಗೆ, ಹೇಳಿದೆ. ಅವಳು ಕೈಯಲ್ಲಿದ್ದ ಸೀರೆ ಬಿಟ್ಟು ನಗತೊಡಗಿದಳು. ತೇಲಿಹೋಗುತ್ತಿದ್ದ ಸೀರೆಯನ್ನು ನಾನೇ ಹಿಡಿಯಬೇಕಾಯಿತು. ಅವರ ಮನೆಯಲ್ಲೂ ಇದೇ ಮಾತಂತೆ. ತಮ್ಮ ಹೇಗೂ ಹಚ್ಚುತ್ತಾನೆ, ಅವನ ಕಿಡಿ ಇತ್ತ ಹಾರಿದರೆ ಅಣ್ಣತಮ್ಮಂದಿರಲ್ಲಿ ಮಾತು ಬೆಳೆಯುತ್ತದೆ, ಅದಕ್ಕೇ ಒಟ್ಟಿಗೆ ಹಚ್ಚಿ ಮುಗಿಸುವುದು ವಾಸಿ ಎನ್ನುತ್ತಿದ್ದರಂತೆ ಭಾವ.

ಹಚ್ಚುವ ದಿನ ಇಬ್ಬರೂ ಬದುವಿನ ಎರಡು ಕಡೆ ಬೆಂಕಿಪೊಟ್ಟಣ ಹಿಡಿದು ನಿಂತರು. ನೀನು ಮೊದಲು, ನೀನು ಮೊದಲು ಎಂಬ ಮರ್ಯಾದೆ ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು ನಡೆಯಿತು. ನೋಡಲು ಬಂದು ನನ್ನ ಹಿಂದೆ ನಿಂತಿದ್ದ ವಾರಗಿತ್ತಿ ನನ್ನ ಬೆನ್ನು ತಿವಿದಳು. ಭಾವನ ಎದುರು ಅದುವರೆಗೆ ನಾನು ದನಿಯೆತ್ತಿದವಳಲ್ಲ.

"ನೀವ್ ಅಚ್ತೀರಿ ಅಂತ ಇವ್ರು, ಇವ್ರ್ ಅಚ್ತಾರೆ ಅಂತ ನೀವು. ಅಂಗಾದ್ರೆ ಇದು ಬೇಕಾಗಿರೋದ್ ಯಾರ್ಗೆ ಭಾವ?" ಎಂದುಬಿಟ್ಟೆ.

ಭಾವ ತಮ್ಮನ ಮುಖ ನೋಡಿದರು. "ಔದೇನ್ಲಾ?"

ಇವರು ತಲೆ ಕೆರೆದುಕೊಂಡರು. ಎರಡೂ ಪೊಟ್ಟಣ ಜೇಬಿಗೆ ಹೋದವು.

ತರಗನ್ನು ಎರಡೂ ಗದ್ದೆಗಳಲ್ಲಿ ಸಾಲುಗಳ ನಡುವೆ ಹರಡಿದೆವು. ಆ ವರ್ಷ ಕಳೆ ಕಡಿಮೆಯಾಯಿತು, ನೆಲದ ತೇವ ಬೇಗ ಆರಲಿಲ್ಲ. ಇಲಿಗಳು ಮಾತ್ರ ಹೆಚ್ಚಿದವು. ಅದಕ್ಕೆ ಭಾವ ನನ್ನನ್ನೇ ಹೊಣೆ ಮಾಡಿದರು. ಮುಂದಿನ ವರ್ಷ ನಮ್ಮ ಮನೆತನಕ್ಕೆ ಬೀಗರಾದ ಕೆಳಗಿನ ಗದ್ದೆಯವರೂ ಹಚ್ಚಲಿಲ್ಲ. ನೆಂಟರೆಲ್ಲ ಸುಮ್ಮನಿರುವಾಗ ತಾವೊಬ್ಬರೇ ಹೊಗೆ ಎಬ್ಬಿಸಲು ಅವರಿಗೆ ಸಂಕೋಚವಾಯಿತಂತೆ. ಅವರ ಹೆಂಡತಿಯಂತೂ, ಬೆಳೆ ಹೇಗಾದರೂ ಇರಲಿ, ಒಣಹಾಕಿದ ಬಟ್ಟೆಯ ಮೇಲೆ ಕರಿ ಬೀಳುವುದು ತಪ್ಪಿತಲ್ಲ ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದರು.