ಬಾಡಿಗೆ ತೋಟದ ಚರಗ

ಮೊನ್ನೆ ಬೆಳಿಗ್ಗೆ ಸೊಸೆ ಮಾಳಿಗೆಯ ಮೇಲೆ ಎಣ್ಣೆಯ ಡಬ್ಬಿಯಲ್ಲಿ ಬೆಳೆಸಿದ ಕೊತ್ತಂಬರಿಗೆ ನೀರು ಹನಿಸುತ್ತಿದ್ದಳು. ಒಣಗಿದ್ದ ಮಣ್ಣು ನೀರು ಕುಡಿದು ವಾಸನೆ ಬಿಟ್ಟಿತು. ಮೊದಲ ಮಳೆಗೆ ಏಳುವ ವಾಸನೆ ಬೇರೆ, ಇದು ಬೇರೆ. ಇದರಲ್ಲಿ ಸ್ವಲ್ಪ ಗೊಬ್ಬರವಿದೆ, ಸ್ವಲ್ಪ ಕೊಳೆತ ಎಲೆಯಿದೆ, ಯಾರೋ ಒಬ್ಬರು ದಿನಾಲೂ ತನ್ನ ಕಡೆ ನೋಡುತ್ತಾರೆಂಬ ಸಮಾಧಾನವೂ ಇದೆ. ಕುರ್ಚಿಯಲ್ಲಿ ಕುಳಿತಿದ್ದ ನನಗೆ ಒಮ್ಮೆಲೇ ನಗು ಬಂದಿತು. ಸೊಸೆ ತಿರುಗಿ ನೋಡಿದಳು. ವಯಸ್ಸಾದವರು ಕಾರಣವಿಲ್ಲದೆ ನಕ್ಕರೆ ಮನೆಯವರಿಗೆ ಗಾಬರಿಯಾಗುತ್ತದೆ. ಆದ್ದರಿಂದ ಕಾರಣವನ್ನು ಹೇಳಲೇಬೇಕಾಯಿತು. ನಿಮಗೂ ಹೇಳುತ್ತೇನೆ, ಬನ್ನಿ, ಕುಳಿತುಕೊಳ್ಳಿ.

ಐವತ್ತರ ದಶಕದ ಕೊನೆಯ ವರ್ಷಗಳ ಮಾತು. ಶಿಗ್ಗಾಂವದಲ್ಲಿ ಕೆರೆಯ ಕೆಳಗೆ ಪುರಸಭೆಯದೊಂದು ಜಾಗವಿತ್ತು. ಹೊಲವಿಲ್ಲದವರು ತಮ್ಮ ಕಾಯಿಪಲ್ಯವನ್ನು ತಾವೇ ಬೆಳೆದುಕೊಳ್ಳಲಿ ಎಂದು ಅದನ್ನು ಸಣ್ಣ ಸಣ್ಣ ತುಕಡಿಗಳಾಗಿ ಕಡಿದು ವರ್ಷದ ಬಾಡಿಗೆಗೆ ಕೊಡುತ್ತಿದ್ದರು. ಊರವರು ಅದನ್ನು ಬಾಡಿಗೆ ತೋಟವೆಂದೇ ಕರೆದರು. ಒಂದು ಬಾವಿ, ಒಂದು ಬೇಲಿ, ಒಂದು ಗೇಟು, ಗೇಟಿಗೆ ಕಾವಲಿನ ಒಬ್ಬ ಮುಕಾದಮ. ಎಳ್ಳ ಅಮಾವಾಸ್ಯೆಯ ದಿನ ಬಾಡಿಗೆದಾರರೆಲ್ಲ ಕೂಡಿ ಅಲ್ಲಿ ಭೂಮಿಗೆ ಎಡೆ ಎರಚಿ ಚರಗ ಚೆಲ್ಲುತ್ತಿದ್ದರು, ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದರು. ತೋಟ ಹೋಗಿ ಅಲ್ಲಿ ಮನೆಗಳೆದ್ದು ಎಷ್ಟೋ ಕಾಲವಾಯಿತು. ಆ ಚರಗದ ಸುದ್ದಿ ಮಾತ್ರ ಉಳಿದಿದೆ. ಅದನ್ನು ಆರಂಭಿಸಿದವರು ಅಂದಿನ ಪುರಸಭೆಯ ಅಧ್ಯಕ್ಷರೆಂದೂ, ಊರಿನ ಎಲ್ಲ ಮಂದಿ ಒಂದಾಗಲೆಂದು ಬಹಳ ಯೋಚಿಸಿ ಆ ಏರ್ಪಾಡು ಮಾಡಿದರೆಂದೂ ಇಂದಿಗೂ ಹೇಳುತ್ತಾರೆ.

ಹೇಳಿದ್ದನ್ನು ನಂಬುವುದು ನನ್ನ ಜಾಯಮಾನವಲ್ಲ. ನಾನು ಶಾಲೆಯನ್ನು ಬೇಗ ಬಿಟ್ಟವನು. ವಾಚನಾಲಯದಲ್ಲಿ ಕುಳಿತು ಸಿಕ್ಕದ್ದನ್ನು ಓದಿದವನು. ಹೀಗೆ ಓದಿದವರಿಗೆ ಗುರುಗಳ ಭಯವಿರುವುದಿಲ್ಲ, ಪುಸ್ತಕದ ಮೇಲೆ ಭಕ್ತಿಯೂ ಇರುವುದಿಲ್ಲ. ಸವಣೂರಿನ ಆ ಆನೆಗಾತ್ರದ ದೊಡ್ಡಹುಣಸೆ ಮರಗಳನ್ನು ದೇವರೇ ತಂದು ನೆಟ್ಟನೆಂದು ಒಬ್ಬರು ಹೇಳಿದರೆ, ದೂರದೇಶದ ವ್ಯಾಪಾರಿಗಳು ತಂದರೆಂದು ಇನ್ನೊಬ್ಬರು ಹೇಳುತ್ತಾರೆ. ನಾನು ಇಬ್ಬರನ್ನೂ ನಂಬಿಲ್ಲ. ಮರವೇ ಬಾಯಿಬಿಟ್ಟು ಹೇಳಿದರೂ ಎರಡನೆಯ ಸಾಕ್ಷಿ ಕೇಳುವವನು ನಾನು. ಆದರೆ ಬಾಡಿಗೆ ತೋಟದ ಮಾತಿಗೆ ಸಾಕ್ಷಿ ಬೇಕಿಲ್ಲ. ನಾನೇ ಅಲ್ಲಿದ್ದೆ.

ಆಗ ನಾನು ಶಿಗ್ಗಾಂವದ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಜೋಳದ ಚೀಲಗಳನ್ನು ತೂಗಿಸುವುದರಲ್ಲಿಯೇ ದಿನ ಹೋಗುತ್ತಿತ್ತು. ಒಂದು ಕಾಳು ಹೇಗೆ ಮೊಳೆಯುತ್ತದೆಂದು ಮಾತ್ರ ನೋಡಿರಲಿಲ್ಲ. ನನ್ನ ಹೆಂಡತಿ ಗಂಗವ್ವ ಹತ್ತಿಮತ್ತೂರಿನ ಒಕ್ಕಲುಮನೆಯ ಮಗಳು. ಅವಳಿಗೆ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಂಗೈಯಗಲ ಮಣ್ಣಿರಲಿಲ್ಲ. ಅವಳೇ ಹಟ ಹಿಡಿದು ಅರ್ಜಿ ಹಾಕಿಸಿ ತುಕಡಿಯೊಂದನ್ನು ಪಡೆದಳು. ಅದರ ಅಗಲವನ್ನು ಹೇಗೆ ಹೇಳಲಿ? ಎರಡು ಜಮಖಾನೆ ಹಾಸಿದರೆ ಮೂರನೆಯದು ಪಕ್ಕದವರ ಬದನೆಗಿಡದ ಮೇಲೆ ಬೀಳುತ್ತಿತ್ತು.

ಪಕ್ಕದವನು ಟೇಲರ್ ವಿಠೋಬಾ. ಅವನು ತನ್ನ ತುಕಡಿಯನ್ನು ಕೊರಳ ಟೇಪಿನಿಂದ ಅಳೆದು, ಮೆಂತೆಯ ಸಾಲುಗಳನ್ನು ಅಂಗಿಯ ಹೊಲಿಗೆಯಂತೆ ನೇರವಾಗಿ ಹಾಕಿದ್ದ. ನಾನು ಮೂಲಂಗಿ ಹಾಕಿದ್ದೆ. ಮೂಲಂಗಿ ನೆಲದೊಳಗೆ ಬೆಳೆಯುತ್ತಿದೆ ಎಂದು ಹೆಂಡತಿ ಹೇಳಿದಳು, ಪುಸ್ತಕವೂ ಹೇಳಿತು. ಬರೀ ಮಾತಿನ ಮೇಲೆ ನಾನು ನಂಬಬೇಕೇ? ದಿನಾ ಬೆಳಿಗ್ಗೆ ಒಂದೆರಡನ್ನು ಮೆಲ್ಲನೆ ಕಿತ್ತು, ಪರೀಕ್ಷಿಸಿ, ಮತ್ತೆ ಹುಗಿಯುತ್ತಿದ್ದೆ.

“ಗುಮಾಸ್ತರ, ಇವತ್ತ ಯಾರ್ಯಾರನ್ನ ಎಬ್ಬಿಸಿದ್ರಿ?” ಎಂದು ವಿಠೋಬಾ ಬದುವಿನಾಚೆಯಿಂದ ಕೇಳುತ್ತಿದ್ದ.

ಗಂಗವ್ವ ಮಾತ್ರ ನಗುತ್ತಿರಲಿಲ್ಲ. “ನಿಮ್ಮನ್ನ ಸಣ್ಣವರಿದ್ದಾಗ ದಿನಾ ಕಿತ್ತ ನೋಡಿದ್ರ ನೀವು ಬೆಳೀತಿದ್ರೇನ್ರಿ?” ಎಂದಳು. ಆ ಪ್ರಶ್ನೆಗೆ ಯಾವ ಪುಸ್ತಕದಲ್ಲಿಯೂ ಉತ್ತರ ಸಿಗಲಿಲ್ಲ.

ಅವಳಿಗೆ ಆ ತುಕಡಿ ಬರೀ ಕಾಯಿಪಲ್ಯದ ಜಾಗವಾಗಿರಲಿಲ್ಲ. ಅಂಗಡಿಯಿಂದ ನಾನು ಬರುವುದು ತಡವಾದರೆ ಅವಳು ಮನೆಯಲ್ಲಿರುತ್ತಿರಲಿಲ್ಲ, ತೋಟದ ಬದುವಿನ ಮೇಲಿರುತ್ತಿದ್ದಳು. ಕೆಲಸವಿಲ್ಲದಿದ್ದರೂ ಅಲ್ಲಿ ಕುಳಿತು ಮಣ್ಣಿನ ಹೆಂಟೆಯನ್ನು ಬೆರಳಲ್ಲಿ ಪುಡಿಮಾಡುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳು ಆಡುತ್ತಾ ನಗುತ್ತಾ ಇದ್ದದ್ದನ್ನು ನಾನು ಮೊದಲು ಕಂಡದ್ದು ಆ ಬದುವಿನ ಮೇಲೆ.

ಮಾರ್ಗಶಿರ ಮುಗಿಯುತ್ತ ಬಂತು. ಒಂದು ದಿನ ಅವಳು, “ಈ ಸಲ ಎಳ್ಳ ಅಮಾಸಿಗೆ ನಮ್ಮ ತೋಟದಾಗ ಚರಗ ಚೆಲ್ಲೋಣ. ಅಪ್ಪಗ ಹೇಳಿಕಳಸೇನಿ” ಎಂದಳು.

ಚರಗವನ್ನು ಅರಿಯದವರಿಗೆ ಒಂದು ಮಾತು. ಆ ದಿನ ನಮ್ಮ ಕಡೆಯ ಒಕ್ಕಲುಮಂದಿ ಸಜ್ಜೆಯ ರೊಟ್ಟಿ, ಕಡುಬು, ಎಣ್ಣೆಗಾಯಿ, ಶೇಂಗಾದ ಹೋಳಿಗೆ ಕಟ್ಟಿಕೊಂಡು ಚಕ್ಕಡಿ ಹೂಡಿ ಹೊಲಕ್ಕೆ ಹೋಗುತ್ತಾರೆ. ಪೂಜೆಯಾದ ಮೇಲೆ ಮನೆಯ ಹಿರಿಯ ಎಡೆಯ ಅಡುಗೆಯನ್ನೆಲ್ಲ ಕಲಸಿ, ಬೆಳೆಯ ಸುತ್ತ ನಡೆಯುತ್ತ, “ಹುಲ್ಲುಲ್ಲಿಗೋ” ಎಂದು ಕೂಗಿ ಭೂಮಿತಾಯಿಗೆ ಎರಚುತ್ತಾನೆ. ಹಿಂದೆ ನೀರು ಚಿಮುಕಿಸುತ್ತ ಬರುವವರು “ಚಲ್ಲಂಬ್ರಿಗೋ” ಎನ್ನುತ್ತಾರೆ. ಈ ಕೂಗುಗಳ ಅರ್ಥವನ್ನು ಪಂಡಿತರು ಹಲವು ಬಗೆಯಾಗಿ ಹೇಳಿದ್ದಾರೆ. ನಾನು ಯಾವುದನ್ನೂ ಒಪ್ಪಿಲ್ಲ. ಕೂಗಿದರೆ ಹಸಿವು ಹೆಚ್ಚುತ್ತದೆ, ಅಷ್ಟು ಖಾತ್ರಿ.

“ತವರಿಗೇ ಹೋಗಿ ಬಾ” ಎಂದೆ.

“ಅಲ್ಲೆ ಹೋದ್ರ ಅಣ್ಣನ ಹೆಂಡ್ತಿ, ‘ಬಾ ಯವ್ವಾ, ನೆಳ್ಳಾಗ ಕುಂದರು, ನೀ ಬೀಗರ ಮಂದಿ’ ಅಂತಾಳ. ಹುಟ್ಟಿದ ಹೊಲದಾಗ ನಾ ಬೀಗರ ಮಂದಿ ಆದ್ನೇನು? ನನಗ ನನ್ನ ಮಣ್ಣಾಗ ಚೆಲ್ಲೂದೈತಿ.”

ಅಡ್ಡಿ ಒಂದೇ: ಮುಕಾದಮ ದಾವಲಸಾಬ. ಉದ್ದ ಮನುಷ್ಯ, ತಲೆಗೆ ಬಿಳಿ ರುಮಾಲು, ಕೊರಳಲ್ಲಿ ಸೀಟಿ. ಯಾರಾದರೂ ಮತ್ತೊಬ್ಬರ ತುಕಡಿಯಲ್ಲಿ ಕಾಲಿಟ್ಟರೆ ಸೀಟಿ, ಪಾಳಿ ತಪ್ಪಿ ನೀರು ಸೇದಿದರೆ ಸೀಟಿ, ಕತ್ತೆ ಬೇಲಿಯೊಳಗೆ ಇಣುಕಿದರೂ ಸೀಟಿ. ಪುರಸಭೆಯ ಕಾಯ್ದೆಯ ಪ್ರಕಾರ ತೋಟದಲ್ಲಿ ಹೊರಗಿನ ಮಂದಿಯನ್ನು ಕೂಡಿಸಿ ಊಟೋಪಚಾರ ಮಾಡಿದರೆ ತುಕಡಿ ವಾಪಸ್ಸು. ಗಂಗವ್ವ ನಯವಾಗಿ ಕೇಳಿ ನೋಡಿದಳು.

“ಅಕ್ಕಾರ,” ಎಂದ ದಾವಲಸಾಬ, “ಹೋದ ವರ್ಷ ಒಬ್ಬಾವ ಇಲ್ಲೆ ಒಲಿ ಹೂಡಿ ಬೀಗರಿಗೆ ಭಜಿ ಕರದು ಹಾಕಿದ. ಅವನ ತುಕಡ್ಯಾಗ ಈಗ ವಿಠೋಬಾ ಮೆಂತೆ ಬೆಳ್ಯಾಕತ್ತಾನ. ಕಾಯ್ದೆ ಅಂದ್ರ ಕಾಯ್ದೆರಿ.”

ವಿಠೋಬಾ ತನ್ನ ಮೆಂತೆಯ ಕಡೆ ನೋಡಿ ತಲೆ ತಗ್ಗಿಸಿದ. ಗಂಗವ್ವ ನೆಟ್ಟಗೆ ಮನೆಗೆ ಬಂದಳು. ಬಂದವಳೇ ಎಳ್ಳು ಹುರಿಯಲು ಕುಳಿತಳು. ತುಕಡಿ ಹೋದೀತೆಂದು ನಾನೆಂದರೆ, ಬಾಣಲೆಯ ಸಪ್ಪಳ ಜೋರಾಯಿತು.

ಮಾವನವರು ಹತ್ತಿಮತ್ತೂರಿನ ಹೊಲದ ಚರಗವನ್ನು ಮಗನಿಗೆ ಒಪ್ಪಿಸಿ, ಎರಡು ಚಕ್ಕಡಿ ತುಂಬ ಬಂಧುಬಳಗವನ್ನು ಕೂಡಿಸಿಕೊಂಡು, ಸವಣೂರಿನಲ್ಲಿ ಒಂದು ರಾತ್ರಿ ವಸ್ತಿ ಮಾಡಿ ಅಮಾವಾಸ್ಯೆಯ ದಿನ ನಮ್ಮ ಮನೆ ಮುಟ್ಟಿದರು. ಎತ್ತುಗಳ ಕೋಡಿಗೆ ಗೊಂಡೆ, ಕೊರಳಿಗೆ ಗೆಜ್ಜೆಸರ. ಬುಟ್ಟಿಗಳಲ್ಲಿ ಒಂದು ಹಳ್ಳಿಗಾಗುವಷ್ಟು ಅಡುಗೆ. ಗಂಗವ್ವ ತಂದೆಯ ಚಕ್ಕಡಿ ಹತ್ತಿದಳು. ನಾನು ಸೈಕಲ್ಲಿನ ಮೇಲೆ, ಮೆರವಣಿಗೆಯ ಮುಂದಿನ ಪೋಲೀಸನಂತೆ, ದಾರಿ ತೋರಿಸುತ್ತ ಹೋದೆ. ಗೇಟಿನೆದುರು ಗೆಜ್ಜೆಯ ಸಪ್ಪಳ ನಿಂತಿತು, ಸೀಟಿಯ ಸಪ್ಪಳ ಆರಂಭವಾಯಿತು.

ಬಹಳ ವಾದವಾಯಿತು. ಕೊನೆಗೆ ಬಾಡಿಗೆದಾರರೂ ಹಿರಿಯರೊಬ್ಬರೂ ಒಳಗೆ ಹೋಗಿ ಪೂಜೆ ಮಾಡಬಹುದು, ಉಳಿದವರು ದಾರಿಯ ಮೇಲೆ ನಿಂತು ನೋಡಬಹುದು, ಊಟದ ಮಾತೆತ್ತುವಂತಿಲ್ಲ ಎಂದು ದಾವಲಸಾಬ ತೀರ್ಪು ಕೊಟ್ಟು ನಮ್ಮ ಹಿಂದೆಯೇ ಬಂದ.

ಮಾವನವರು ಬುಟ್ಟಿ ಹೊತ್ತು ತುಕಡಿಯ ನಡುವೆ ನಿಂತರು. ಕಣ್ಣಿಗೆ ಕೈ ಅಡ್ಡ ಹಿಡಿದು ಕೆರೆಯವರೆಗೂ ನೋಡಿದರು.

“ಗಂಗೀ, ಹೊಲ ಎಲ್ಲೈತಿ?”

“ಯಪ್ಪಾ, ನೀ ಅದರ ಮ್ಯಾಲೇ ನಿಂತೀಯಲ್ಲ.”

ಮಾವನವರು ತಮ್ಮ ಪಾದಗಳನ್ನು ನೋಡಿಕೊಂಡರು. ಒಂದು ಪಾದ ನಮ್ಮ ಮೂಲಂಗಿಯಲ್ಲಿತ್ತು, ಇನ್ನೊಂದು ವಿಠೋಬನ ಮೆಂತೆಯಲ್ಲಿ. “ಎತ್ತ ತಿರಗಾಕ ಜಾಗಿಲ್ಲ. ಇದಕ್ಕ ರಂಟಿ ಹೆಂಗ ಹೊಡೀತೀರಿ?” ಎಂದು ನನ್ನನ್ನು ಕೇಳಿದರು.

“ಸೂಜಿ ಸಾಕ್ರಿ, ಹಿರ್ಯಾರ” ಎಂದ ವಿಠೋಬಾ.

ಮಾವನವರು ನಗಲಿಲ್ಲ. ಪೂಜೆ ಮಾಡಿದರು, ಕಲಸಿದರು, ಬುಟ್ಟಿಯನ್ನು ಎಡಗೈಗೆ ತೆಗೆದುಕೊಂಡರು. ಅವರ ಬಲಗೈ ಬಿತ್ತನೆಯ ಸಾಲಿನ ಕೊನೆ ಕಣ್ಣಿಗೆ ಕಾಣದಂಥ ದೊಡ್ಡ ಹೊಲಕ್ಕೆ ಪಳಗಿದ ಕೈ. ಆ ಕೈಗೆ ತುಕಡಿಯ ಅಳತೆಯನ್ನು ಯಾರು ಹೇಳಬೇಕು? “ಹುಲ್ಲುಲ್ಲಿಗೋ” ಎಂದು ಕೂಗಿ ಬೀಸಿ ಎಸೆದರು. ಚರಗ ನಮ್ಮ ತುಕಡಿಯನ್ನು ಗಮನಿಸದೆ ದಾಟಿಹೋಯಿತು. ವಿಠೋಬನ ಮೆಂತೆಯ ಮೇಲೆ ಎಣ್ಣೆಗಾಯಿ, ಆಚೆಯವರ ಉಳ್ಳಾಗಡ್ಡಿಯ ಮೇಲೆ ಅನ್ನ, ಅದರಾಚೆ ಹಕ್ಕರಿಕೆ ಸೊಪ್ಪಿಗೆ ನೀರುಣಿಸುತ್ತಿದ್ದವರ ಬೆನ್ನ ಮೇಲೆ ರೊಟ್ಟಿಯ ಚೂರು. ಮತ್ತೊಂದು ಬೀಸಿಗೆ ಒಂದು ಕಡುಬು ಬಹಳ ಎತ್ತರಕ್ಕೆ ಹೋಗಿ, ಯೋಚಿಸಿದಂತೆ ನಿಂತು, ದಾವಲಸಾಬನ ರುಮಾಲಿನ ಮೇಲೆ ಇಳಿಯಿತು. ಹಿಂದಿನಿಂದ ಗಂಗವ್ವ ಒಬ್ಬಳೇ ನಿರ್ಮಲವಾದ ದನಿಯಲ್ಲಿ “ಚಲ್ಲಂಬ್ರಿಗೋ” ಎಂದು ಅವನ ಮೇಲೆಯೇ ನೀರು ಚಿಮುಕಿಸಿದಳು.

ದಾವಲಸಾಬನ ಕೈ ಸೀಟಿಗೆ ಹೋಯಿತು. ಸೀಟಿಯೊಳಗೆ ಅನ್ನದ ಅಗುಳಿತ್ತು. ಊದಿದರೆ ಬರೀ ಗಾಳಿ ಬಂತು.

ತುಕಡಿ ಹೋಯಿತೆಂದು ನಾನು ಕಣ್ಣು ಮುಚ್ಚಿದೆ. ಆಗ ಮಾವನವರು ಬುಟ್ಟಿಯನ್ನು ಕೆಳಗಿಟ್ಟು ಗಂಭೀರವಾಗಿ ಹೇಳಿದರು:

“ನಮ್ಮೂರಾಗ ಒಂದ ರೂಢಿ ಐತಿ. ಚರಗ ಯಾರ ನೆಲಕ್ಕ ಬೀಳತೈತಿ, ಅವರನ್ನ ಉಣಿಸದ ಚೆಲ್ಲಿದಾವ ಉಣ್ಣಂಗಿಲ್ಲ. ಅವರು ಒಲ್ಲೆ ಅಂದ್ರ ಅವರ ಬೆಳಿಗೂ ಚಲೋ ಅಲ್ಲ, ನಮ್ಮ ಬೆಳಿಗೂ ಚಲೋ ಅಲ್ಲ. ಎಲ್ಲಾರೂ ಬರ್ರಿ, ಕುಂದರ್ರಿ.”

ಬೆಳೆಯ ಮಾತು ಬಂದ ಮೇಲೆ ಯಾರು ಒಲ್ಲೆಂದಾರು? ವಿಠೋಬಾ ಟೇಪನ್ನು ಕೊರಳಿಂದ ತೆಗೆದು ಮೊದಲು ಕುಳಿತ. ದಾವಲಸಾಬ ಮಾತ್ರ ದಾರಿಯ ಮೇಲೆ ಗೂಟದಂತೆ ನಿಂತಿದ್ದ.

“ನೀವೂ ಬರ್ರಿ, ಸಾಹೇಬ್ರ” ಎಂದರು ಮಾವನವರು.

“ನಂದು ನೆಲ ಇಲ್ರಿ ಇಲ್ಲೆ. ನಾ ನಿಂತದ್ದು ಪುರಸಭೆ ದಾರಿ.”

“ಪುರಸಭೆ ದಾರಿಗೂ ಬಿದ್ದೈತಿ. ಹಂಗಾರ ಪುರಸಭೆಗೂ ಉಣಿಸಬೇಕಾತು. ಎಲ್ಲೈತಿ ಪುರಸಭೆ, ಕರೀರಿ.”

ದಾವಲಸಾಬ ಆಚೆ ನೋಡಿದ, ಈಚೆ ನೋಡಿದ. ಶೇಂಗಾದ ಹೋಳಿಗೆಯ ವಾಸನೆ ಗಾಳಿಯಲ್ಲಿತ್ತು. “ಇಲ್ಲೆ ಈಗ ನಾನ ಪುರಸಭೆರಿ” ಎಂದ, ಬಹಳ ಸಣ್ಣ ದನಿಯಲ್ಲಿ.

“ಹಂಗಾರ ಕುಂದರ್ರಿ.”

ಕುಳಿತ. ಪುರಸಭೆಯೇ ಪಂಕ್ತಿಯಲ್ಲಿ ಕುಳಿತು ಎರಡನೆಯ ಸಲ ಎಣ್ಣೆಗಾಯಿ ಹಾಕಿಸಿಕೊಂಡ ಮೇಲೆ ಊಟ ಮಾಡಿದ ತಪ್ಪಿಗೆ ತುಕಡಿಯನ್ನು ಯಾರಿಂದ ಯಾರು ಕಸಿದುಕೊಳ್ಳಬೇಕು? ಹೊರಗೆ ನಿಂತ ಬಂಧುಗಳೂ ಬಂದರು. ಜಾಗ ಸಾಲದೆ ಸಾಲು ಬದುವಿನಿಂದ ಬದುವಿಗೆ ತಿರುಗಿ ಬಾವಿಯನ್ನು ಸುತ್ತಿತು. ಅಷ್ಟು ನಗುವನ್ನು ನಾನು ಮದುವೆಮನೆಗಳಲ್ಲಿಯೂ ಕೇಳಿಲ್ಲ. ಮರುವರ್ಷ ಪ್ರತಿಯೊಬ್ಬ ಬಾಡಿಗೆದಾರನೂ ಬುಟ್ಟಿ ತಂದು, ಬೇಕೆಂದೇ ಪಕ್ಕದವನ ತುಕಡಿಗೆ ಎಸೆದ. ಅಧ್ಯಕ್ಷರು ಬಂದದ್ದು ಅದರ ಮುಂದಿನ ವರ್ಷ; ಉಂಡರು, ಭಾಷಣ ಮಾಡಿದರು, ಹೋದರು. ಅಷ್ಟಕ್ಕೆ ಚರಗವೇ ಅವರದಾಯಿತು.

ಈ ಸುಳ್ಳಿನ ವಿರುದ್ಧ ನಾನು ಚಹಾದಂಗಡಿಗಳಲ್ಲಿ, ಬಸ್ಸುಗಳಲ್ಲಿ, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಬೀಗರ ಮನೆಗಳಲ್ಲಿ ವಾದಿಸಿದ್ದೇನೆ: ಅದರ ಮೂಲ ಹತ್ತಿಮತ್ತೂರಿನ ಪುರಾತನ ರೂಢಿ ಎಂದು. ಹತ್ತಿಮತ್ತೂರಿಗೆ ಹೋದಾಗ ಹಿರಿಯರನ್ನು ವಿಚಾರಿಸಿದ್ದೂ ಉಂಟು. ಅಂಥ ರೂಢಿಯನ್ನು ಕೇಳಿಯೇ ಇಲ್ಲವೆಂದರು. ಇವರಿಗೆ ತಮ್ಮೂರಿನದೇ ಮರೆತುಹೋಗಿದೆಯಲ್ಲ ಎಂದು ಮರುಗಿ ಬಂದೆ.

ಮೊನ್ನೆ ಸೊಸೆಗೆ ಇದನ್ನೆಲ್ಲ ಹೇಳಿ ಮುಗಿಸುವಾಗ, ಮಾಳಿಗೆಯ ಇನ್ನೊಂದು ತುದಿಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಗಂಗವ್ವ ತಲೆಯೆತ್ತದೆ ಹೇಳಿದಳು: “ನಮ್ಮೂರಾಗ ಅಂಥಾ ರೂಢಿ ಯಾವಾಗಿತ್ತ್ರಿ?”

ನಾನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದೆ.

“ಚಕ್ಕಡ್ಯಾಗ ಬರಾಗ ನಾನ ಅಪ್ಪಗ ಹೇಳಿಕೊಟ್ಟೆ. ಕರದ್ರ ದಾವಲಸಾಬ, ತೋಟದ ಮಂದಿ ಬರತಿದ್ದಿಲ್ಲ, ಎಡಿ ಬಂದು ಬಿದ್ರ ಹೆಂಗ ಬ್ಯಾಡಂತಾರ? ದೂರ ಎಸಿ ಯಪ್ಪಾ ಅಂದಿದ್ದೆ. ಹೊಲ ಅಷ್ಟ ಸಣ್ಣದೈತಿ ಅಂತ ಮಾತ್ರ ಹೇಳಿದ್ದಿಲ್ಲ. ಹೇಳಿದ್ರ ಬರತಿದ್ದನೇನು ಅಂವಾ?”

“ಇಷ್ಟ ವರ್ಷ ನನಗ ಯಾಕ ಹೇಳಲಿಲ್ಲ?”

“ನೀವು ಕೇಳಿದ್ರೇನು? ಹತ್ತಿಮತ್ತೂರ ಮಂದೀನ್ನೆಲ್ಲಾ ಕೇಳಿದ್ರಿ.”

ಸೊಸೆ ತಂಬಿಗೆ ಹಿಡಿದುಕೊಂಡೇ ಕುಸಿದು ಕುಳಿತು ನಕ್ಕಳು. ನಾನೂ ಕೆಮ್ಮು ಬರುವವರೆಗೆ ನಕ್ಕೆ. ದೇವರನ್ನೂ ವ್ಯಾಪಾರಿಗಳನ್ನೂ ಅಧ್ಯಕ್ಷರನ್ನೂ ನಂಬದವನು ಮಾವನ ಒಂದು ಮಾತನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೆ.

ನಿನ್ನೆ ಚಹಾದಂಗಡಿಯಲ್ಲಿ ಇಬ್ಬರು ತರುಣರು ಊರಿನ ಹಳೆಯ ಸಂಗತಿಗಳ ಮಾತು ತೆಗೆದು, ಅಧ್ಯಕ್ಷರ ಚರಗವನ್ನು ಹೊಗಳುತ್ತಿದ್ದರು. ಬಾಯಿ ತೆರೆದವನು ಮುಚ್ಚಿಕೊಂಡೆ. “ನನ್ನನ್ನ ಕೇಳಬ್ಯಾಡ್ರಿ. ನಮ್ಮ ಮನಿಯಾಕಿನ್ನ ಕೇಳ್ರಿ, ಆಕಿಗೆ ಗೊತ್ತೈತಿ” ಎಂದು ಇಬ್ಬರನ್ನೂ ಮನೆಗೆ ಕರೆತಂದೆ. ಈಗ ನಿಜ ಹೊರಬೀಳುತ್ತದೆಂದು ಬಾಗಿಲಲ್ಲಿ ನಿಂತು ಕಾದೆ.

ಗಂಗವ್ವ ಅವರ ಪ್ರಶ್ನೆಯನ್ನು ಪೂರ್ತಿ ಕೇಳಿದಳು. “ಅಧ್ಯಕ್ಷರ ಸುರು ಮಾಡಿದ್ದಪಾ ಅದನ್ನ. ಭಾಳ ಚಲೋ ಮನಷ್ಯಾ” ಎಂದಳು, ಮುಖದ ಒಂದು ಗೆರೆಯೂ ಅಲುಗದಂತೆ. “ಹೊತ್ತಾಗೇತಿ, ಕುಂದರ್ರಿ. ಉಂಡ ಹೋಗೀರಂತ.”

ಅವರು ಕುಳಿತರು. ನಾನು ಒಳಗೆ ಹೋಗಿ ತಾಟು ತಂದು ಹಾಕಿದೆ.