ಜೋಳದ ಹಿಟ್ಟಿನ ಬಣ್ಣದ ಹಲ್ಲು

ಊಟವಾದ ಮೇಲೆ ನಾನು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತೇನೆಂದು ನನ್ನ ಹೆಂಡತಿ ಸರೋಜಾ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ. ನಾನು ನಂಬಿರಲಿಲ್ಲ. ನಿದ್ದೆಯಲ್ಲಿದ್ದವನಿಗೆ ಸಾಕ್ಷಿ ಎಲ್ಲಿಂದ ಬರಬೇಕು? ಮೊನ್ನೆ ಚಳಿಗಾಲದ ಒಂದು ರವಿವಾರ ಸಾಕ್ಷಿ ಬಂದಿತು. ಪುಣೆಯ ನಮ್ಮ ಮನೆಗೆ ದೇಹೂ ರೋಡಿನಿಂದ ಮಗಳು ಬಂದಿದ್ದಳು, ಜೊತೆಗೆ ಅವಳ ಆರು ವರ್ಷದ ಮಗಳು ಚಿನ್ನೂ. ಆರಾಮಕುರ್ಚಿಯಲ್ಲಿ ಒರಗಿದ್ದ ನನ್ನ ಬಾಯೊಳಗೆ ಈ ಚಿನ್ನೂ ಬಾವಿಗೆ ಬಗ್ಗಿದಂತೆ ಬಗ್ಗಿ ನೋಡಿ, ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದಳು:

"ಅಜ್ಜಾ! ನಿನಗೂ ನನ್ನಂಗ ಹೊಸಾ ಹಲ್ಲು ಬಂದದ!"

ಅವಳಿಗೆ ಆಗಷ್ಟೇ ಹಾಲುಹಲ್ಲು ಬಿದ್ದು ಮುಂದಿನದೊಂದು ಮೂಡಿತ್ತು. ಸಾಲಿನಲ್ಲಿ ಬೇರೆ ಬಣ್ಣದ್ದು ಯಾವುದೋ ಅದು ಹೊಸದು ಎಂಬುದು ಅವಳ ಶಾಸ್ತ್ರ. ನಾನು ದಡಬಡಿಸಿ ಎದ್ದು ಮೊದಲು ನೋಡಿದ್ದು ಸರೋಜಾಳ ಕಡೆಗೆ. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ. ಸದ್ಯ, ಕೇಳಿಸಿಲ್ಲ ಎಂದುಕೊಂಡು ಬಾಯಿ ಮುಚ್ಚಿದೆ.

ಈಗ ನಿಮಗೆ ನಿಜ ಹೇಳಿಬಿಡುತ್ತೇನೆ. ನನ್ನ ಮೇಲಿನ ಸಾಲಿನ ನಡುವಿನ ಹಲ್ಲು ನನ್ನದಲ್ಲ, ಪಿಂಗಾಣಿಯದು. ಮೂವತ್ನಾಲ್ಕು ವರ್ಷಗಳ ಹಿಂದೆ, ಸೋಡಾ ಬಾಟ್ಲಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆದು ತೋರಿಸುತ್ತೇನೆಂದು ಗೆಳೆಯರ ಮುಂದೆ ಶೌರ್ಯ ಮಾಡಲು ಹೋಗಿ ಅರ್ಧ ಹಲ್ಲು ಕಳೆದುಕೊಂಡೆ. ಮುಚ್ಚಳ ಅಲ್ಲೇ ಇತ್ತು. ಎಂಟು ದಿನ ಬಿಟ್ಟು ಧಾರವಾಡದಲ್ಲಿ ಹೆಣ್ಣು ನೋಡುವ ಶಾಸ್ತ್ರ ನಿಗದಿಯಾಗಿತ್ತು. ಬೆಳಗಾವಿಯ ಒಬ್ಬ ಡಾಕ್ಟರು ಗಡಿಬಿಡಿಯಲ್ಲಿ ಒಂದು ಕ್ಯಾಪು ಕೂರಿಸಿ, "ಗಟ್ಟಿ ಪದಾರ್ಥ ಕಡೀಬ್ಯಾಡ್ರಿ, ಕಿತ್ತು ಬರ್ತದ" ಎಂದು ಹೆದರಿಸಿ ಕಳಿಸಿದರು. ನನ್ನ ಅವ್ವ, "ಕೇಳಿದ್ರ ಹೇಳು, ಕೇಳದಿದ್ರ ಸುಮ್ಮನಿರು" ಅಂದಳು. ಯಾರೂ ಕೇಳಲಿಲ್ಲ. ನಾನು ಸುಮ್ಮನಿದ್ದೆ. ಮದುವೆಯಾಯಿತು, ಪುಣೆಗೆ ಬಂದೆವು, ಮಗಳಾದಳು, ಮೊಮ್ಮಗಳಾದಳು. ನಾನು ಸುಮ್ಮನೇ ಇದ್ದೇನೆ.

ಒಂದು ಹಲ್ಲಿನ ಮಾತು, ಅದರಲ್ಲೇನು ಎಂದು ನೀವು ಅನ್ನಬಹುದು. ಮೊದಲ ವಾರ ಹೇಳಿದ್ದರೆ ಅದು ಒಂದು ಹಲ್ಲಿನ ಮಾತಾಗಿರುತ್ತಿತ್ತು. ಹತ್ತು ವರ್ಷ ದಾಟಿದ ಮೇಲೆ, ಹತ್ತು ವರ್ಷ ಯಾಕೆ ಹೇಳಲಿಲ್ಲ ಎಂಬ ಮಾತಾಗುತ್ತದೆ. ಹೀಗೆ ದಿನದಿಂದ ದಿನಕ್ಕೆ ದೊಡ್ಡದಾಗುವ ಹಲ್ಲನ್ನು ಬಾಯಲ್ಲಿಟ್ಟುಕೊಂಡು ನಾನು ತುಟಿ ಮುಚ್ಚಿ ನಗುವುದನ್ನು ಕಲಿತೆ. ಫೋಟೋಗಳಲ್ಲೆಲ್ಲ ಯಾರೋ ತೀರಿಕೊಂಡ ಮನೆಗೆ ಬಂದವನಂತೆ ನಿಂತಿದ್ದೇನೆ. ನೆಂಟರಿಷ್ಟರು ನನ್ನನ್ನು ಭಾಳ ಗಂಭೀರ ಮನುಷ್ಯ ಅನ್ನುತ್ತಾರೆ.

ಇದರಲ್ಲಿ ನಾಚಿಕೆಯ ಇನ್ನೊಂದು ಸಂಗತಿ ಇದೆ. ಪುಣೆ ಬಳಿಯ ರಾಂಜಣಗಾಂವದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸವೇ ಬಣ್ಣ ಹೊಂದಿಸುವುದಾಗಿತ್ತು. ಗಿರಾಕಿ ಒಂದು ಮಾದರಿ ಕಳಿಸಿದರೆ ಅದೇ ಬಣ್ಣವನ್ನು ಕಲಸಿ ಕೊಡಬೇಕು. ಬಿಳಿ ಒಂದರಲ್ಲೇ ನಲವತ್ತು ಜಾತಿ ನನಗೆ ಗೊತ್ತು. ಸುಣ್ಣದ ಬಿಳಿ, ಮೊಸರಿನ ಬಿಳಿ, ಬೆಣ್ಣೆಯ ಬಿಳಿ, ಹೊಸ ಪಂಚೆಯ ಬಿಳಿ, ಎರಡು ಸಲ ಒಗೆದ ಪಂಚೆಯ ಬಿಳಿ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಡ್ರಮ್ಮಿಗೆ ಡ್ರಮ್ಮೇ ವಾಪಸು ಕಳಿಸಿದವನು ನಾನು. ಅಂಥವನಿಗೆ ತನ್ನ ಬಾಯಿಯಲ್ಲೇ ನಡೆದ ಅನರ್ಥ ಕಾಣಲಿಲ್ಲ. ಚಹಾ, ಅಡಕೆ, ವಯಸ್ಸು ಸೇರಿ ಉಳಿದ ಹಲ್ಲುಗಳನ್ನು ಹಳದಿ ಮಾಡಿದ್ದವು. ಪಿಂಗಾಣಿ ಮಾತ್ರ ಇಪ್ಪತ್ತೆಂಟರ ಹರೆಯದಲ್ಲೇ ನಿಂತಿತ್ತು. ನಾನು ಕನ್ನಡಿಯಲ್ಲಿ ನೋಡುವಾಗಲೂ ತುಟಿ ಮುಚ್ಚಿಕೊಂಡೇ ನೋಡುತ್ತಿದ್ದೆನೋ ಏನೋ!

ಚಿನ್ನೂ ಕೂಗಿದ ಮರುದಿನವೇ, "ಶಿವಾಜಿನಗರದಾಗ ಸ್ವಲ್ಪ ಕೆಲಸ ಅದ" ಎಂದು ಹೇಳಿ ಹೊರಟೆ. ಸುಳ್ಳು ಹೇಳುವವರಿಗೆ ಶಿವಾಜಿನಗರದಂಥ ಜಾಗ ಪುಣೆಯಲ್ಲಿ ಇನ್ನೊಂದಿಲ್ಲ. ಕೋರ್ಟು, ಕಚೇರಿ, ರೈಲು, ಬಸ್ಸು ಎಲ್ಲ ಅಲ್ಲಿವೆ. ಏನು ಕೆಲಸವೆಂದು ಯಾರೂ ಕೇಳುವುದಿಲ್ಲ.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಮರಾಠಿ ಹೆಣ್ಣುಮಗಳು. ನನ್ನನ್ನು "ಕಾಕಾ" ಎಂದು ಕರೆದು, ಬಾಯೊಳಗೆ ದೀಪ ಹಾಯಿಸಿ, ಮೂರು ದಾರಿ ಹೇಳಿದಳು. ಒಂದು, ಉಳಿದ ಹಲ್ಲುಗಳಿಗೆಲ್ಲ ಔಷಧಿ ಹಚ್ಚಿ ಬ್ಲೀಚ್ ಮಾಡಿ ಬೆಳ್ಳಗಾಗಿಸುವುದು. ಪಿಂಗಾಣಿಗೆ ಬ್ಲೀಚು ಹತ್ತುವುದಿಲ್ಲ, ಆದ್ದರಿಂದ ಅದರ ಮಟ್ಟಕ್ಕೆ ಉಳಿದವನ್ನು ತರಬೇಕು. ಎರಡು, ಎದುರಿಗೆ ಕಾಣುವ ಹತ್ತು ಹಲ್ಲುಗಳನ್ನು ತೆಳ್ಳಗೆ ಕೆರೆದು ಮೇಲೆ ಉಗುರಿನಂಥ ಹೊಸ ಪಿಂಗಾಣಿ ಪದರ ಅಂಟಿಸುವುದು. ಹಳೆಯ ಟೇಬಲ್ಲಿಗೆ ಸನ್‌ಮೈಕಾ ಹೊಡೆದಂತೆ ಎಂದು ನನಗೆ ತಿಳಿಯಿತು. ಮೂರನೆಯದನ್ನು ಹೇಳುವಾಗ ಅವಳಿಗೇ ಸಂಕೋಚ: ಹಳೆಯ ಕ್ಯಾಪು ತೆಗೆದು, ಉಳಿದವುಗಳಿಗೆ ಹೊಂದುವ ಹಾಗೆ ಒಂದು ಹಳದಿ ಕ್ಯಾಪು ಕೂರಿಸುವುದು.

ಚೆಲುವನಾಗಲು ಹೋದವನು ಹಳದಿ ಹಲ್ಲು ಮಾಡಿಸಿಕೊಂಡು ಬರುವುದೆ! ಆ ದಾರಿಯನ್ನು ಅಲ್ಲಿಗೇ ಬಿಟ್ಟೆ. ಮೊದಲನೆಯದೇ ಸರಿ ಎನ್ನಿಸಿತು. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಕಳ್ಳ ಒಬ್ಬನೇ, ಅವನಿಗಾಗಿ ಇಪ್ಪತ್ತೇಳು ಪ್ರಾಮಾಣಿಕರು ಬಣ್ಣ ಬದಲಿಸಬೇಕು, ಅಷ್ಟೇ ತಾನೆ?

ನನ್ನ ಹಲ್ಲಿನ ಈಗಿನ ಬಣ್ಣ ಗುರುತಿಸಲೆಂದು ಡಾಕ್ಟರು ಹದಿನಾರು ಮಾದರಿ ಹಲ್ಲುಗಳನ್ನು ಬಣ್ಣದ ಕ್ರಮದಲ್ಲಿ ಪೋಣಿಸಿದ ಪಟ್ಟಿಯೊಂದನ್ನು ತೆಗೆದಳು. ನನ್ನೊಳಗಿನ ಲ್ಯಾಬು ಎದ್ದು ಕುಳಿತಿತು. ಆ ಪಟ್ಟಿಯನ್ನು ಅವಳ ಕೈಯಿಂದ ಇಸಿದುಕೊಂಡು, ಕೈಗನ್ನಡಿಯ ಜೊತೆ ಕಿಟಕಿಗೆ ಒಯ್ದು, ನನ್ನ ಹಳದಿಗೆ ಸರಿಹೊಂದುವುದು ಇದೇ ಎಂದು ಒಂದನ್ನು ಆರಿಸಿದೆ. ಟ್ಯೂಬ್‌ಲೈಟಿನಲ್ಲಿ ಅಣ್ಣತಮ್ಮಂದಿರಂತೆ ಕಂಡ ಎರಡು ಬಣ್ಣ ಬಿಸಿಲಿಗೆ ಬಂದರೆ ಹೇಗೆ ಬೇರೆಯಾಗುತ್ತವೆ ಎಂಬುದರ ಮೇಲೆ ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಹಳೆಯ ಕವಿಗಳು ಹಲ್ಲನ್ನು ದಾಳಿಂಬೆಯ ಬೀಜಕ್ಕೆ ಹೋಲಿಸಿದ್ದಾರೆ, ದಾಳಿಂಬೆ ಕೆಂಪು, ನಮ್ಮ ಲ್ಯಾಬಿನಲ್ಲಾದರೆ ಪಾಸಾಗುತ್ತಿರಲಿಲ್ಲ ಎಂದೆ. ಆನೆಯ ದಂತವೂ ಹಳದಿಯೇ, ಯಾವ ಆನೆಯೂ ಬ್ಲೀಚಿಗೆ ಹೋದದ್ದಿಲ್ಲ ಎಂದೂ ಹೇಳಿದೆ. ಹೊರಗೆ ನಾಲ್ಕು ಜನ ದವಡೆ ಹಿಡಿದುಕೊಂಡು ಕಾಯುತ್ತಿದ್ದರು. ಡಾಕ್ಟರು ತಾಳ್ಮೆಯಿಂದ ಪಟ್ಟಿ ವಾಪಸು ಪಡೆದು, ಮುಂದಿನ ಗುರುವಾರ ಕಾಕೂ ಅವರನ್ನು, ಎಂದರೆ ನನ್ನ ಹೆಂಡತಿಯನ್ನು, ಕರೆದುಕೊಂಡು ಬನ್ನಿ ಎಂದಳು. ಹಲ್ಲಿನ ಬಣ್ಣ ಮನೆಯವರು ನೋಡಿ ಒಪ್ಪಬೇಕು, ಹಚ್ಚಿಕೊಂಡು ತಿರುಗುವವರಿಗಿಂತ ದಿನಾ ನೋಡುವವರು ಅವರಲ್ಲವೆ? ಇದು ಅವಳ ಕ್ಲಿನಿಕ್ಕಿನ ನಿಯಮವಂತೆ.

ಹೂಂ ಎಂದು ತಲೆಯಾಡಿಸಿ ಹೊರಗೆ ಬಂದೆ.

ಆ ವಾರವೆಲ್ಲ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಚಹಾ ಕುಡಿಯುವಾಗ ಹೇಳೋಣ ಅನ್ನುವುದು, ಬಾಯಿ ತೆರೆಯುವುದು, "ಸಕ್ಕರಿ ಕಡಿಮಿ ಆಗೇದ" ಅನ್ನುವುದು. ಸರೋಜಾ ಮೂರು ದಿನ ಸಕ್ಕರೆ ಹೆಚ್ಚು ಹಾಕಿದಳು. ನಾಲ್ಕನೆಯ ದಿನ "ಸಕ್ಕರಿ ಹೆಚ್ಚಾಗೇದ" ಅಂದೆ. ನಿವೃತ್ತನಾಗುವ ತನಕ ನೌಕರಿಗೆ ಹೋಗುವಾಗ ರಾಂಜಣಗಾಂವದ ಗಣಪತಿಗೆ ದಿನಾ ಬಸ್ಸಿನಿಂದಲೇ ಕೈ ಮುಗಿಯುತ್ತಿದ್ದೆ. ಅವನದೂ ಒಂದು ದಂತ ಮುರಿದದ್ದೇ. ಅವನು ಅದನ್ನು ಮುಚ್ಚಿಡಲಿಲ್ಲ, ಏಕದಂತನೆಂದು ಹೆಸರಿಟ್ಟುಕೊಂಡು ಆರಾಮಾಗಿ ಕುಳಿತ. ತಿನ್ನಲಿಕ್ಕೂ ಜಾಣತನದಿಂದ ಮೆತ್ತನ್ನ ಮೋದಕವನ್ನೇ ಆಯ್ದುಕೊಂಡ. ಇಷ್ಟು ವರ್ಷ ಕೈ ಮುಗಿದು ನಾನು ಕಲಿತದ್ದೇನು? ಕೊನೆಗೆ ಗುರುವಾರ ಬೆಳಗ್ಗೆ, "ಹಲ್ಲು ಸ್ವಚ್ಛ ಮಾಡಿಸೂದದ, ಜೋಡಿಗೆ ಬಾ" ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಕ್ಯಾಪು ಕೂರಿಸಿದೆ.

ಡಾಕ್ಟರು ಮೊದಲು ಹಲ್ಲು ಸ್ವಚ್ಛ ಮಾಡಲು ಹಿಡಿದಳು. ಬಾಯಲ್ಲಿ ನೀರು ಚಿಮ್ಮುವ ಯಂತ್ರ, ನೀರು ಹೀರುವ ಕೊಳವೆ, ಎರಡು ಕಡೆ ಹತ್ತಿ. ಸರೋಜಾ ಪಕ್ಕದ ಸ್ಟೂಲಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಡುವೆ ಡಾಕ್ಟರು ಮರಾಠಿಯಲ್ಲಿ ಕೇಳಿದಳು: "ಕಾಕಾ, ಈ ಕ್ಯಾಪು ಭಾರೀ ಹಳೇದು. ಯಾವಾಗ ಹಾಕಿಸಿದ್ದು?"

ಮುಗಿಯಿತು! ನಾನು ಕಣ್ಣು ಮುಚ್ಚಿಕೊಂಡೆ. ಬಾಯಿ ತೆರೆದೇ ಇತ್ತು, ಆದರೆ ಮಾತು ಹೊರಡುವಂತಿರಲಿಲ್ಲ. ಅಷ್ಟರಲ್ಲಿ ಸ್ಟೂಲಿನಿಂದ ಉತ್ತರ ಬಂದಿತು.

"ಲಗ್ನಾಚ್ಯಾ ಆಧೀಚಾ ಆಹೆ ತೊ." ಮದುವೆಗಿಂತ ಮೊದಲಿನದು ಅದು, ಎಂದಳು ಸರೋಜಾ, ಹಾಲಿನವನಿಗೆ ನಾಳೆ ಅರ್ಧ ಲೀಟರು ಎಂದು ಹೇಳುವಷ್ಟು ಸಹಜವಾಗಿ.

ನಾನು "ಆಂ" ಎಂದೆ. ನೋವಾಯಿತೆಂದುಕೊಂಡು ಡಾಕ್ಟರು ಯಂತ್ರ ನಿಲ್ಲಿಸಿದಳು. ನೋವೇನೂ ಆಗಿರಲಿಲ್ಲ.

ಆಮೇಲೆ ಬಣ್ಣದ ಪಟ್ಟಿ ಸರೋಜಾಳ ಕೈಗೆ ಹೋಯಿತು. ಡಾಕ್ಟರು ಮೂರೂ ದಾರಿ ವಿವರಿಸಿದಳು. ಕಾಕಾ ಬ್ಲೀಚ್ ಮಾಡಿಸಬೇಕೆನ್ನುತ್ತಾರೆ, ಆದರೆ ಚಹಾ ಕುಡಿದ ಹಾಗೆಲ್ಲ ಅದು ಮತ್ತೆ ಇಳಿಯುತ್ತದೆ ಎಂದಳು. ಸರೋಜಾ ಪಟ್ಟಿಯನ್ನು ನನ್ನ ತುಟಿಯ ಹತ್ತಿರ ಹಿಡಿದು, ಕಿಟಕಿಗೂ ಹೋಗದೆ, ಉಪನ್ಯಾಸವನ್ನೂ ಕೊಡದೆ ಒಂದು ಹಲ್ಲಿನ ಮೇಲೆ ಬೆರಳಿಟ್ಟಳು.

"ಇದು. ಬಿಳಿಜ್ವಾಳದ ಹಿಟ್ಟಿನ ಬಣ್ಣ. ಉಳದ ಹಲ್ಲು ಹಂಗs ಇರ್ಲಿ, ಇದೊಂದು ಅವಕ್ಕ ಹೊಂದೂ ಹಂಗ ಮಾಡಸ್ರಿ ಸಾಕು."

ನಾನು ಎದ್ದು ಕೈಗನ್ನಡಿ ಹಿಡಿದು ಆ ಹಲ್ಲನ್ನು ಬಿಸಿಲಿಗೆ ಒಯ್ದು ಹೊಂದಿಸಿ ನೋಡಿದೆ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಹಿಂದಿನ ಸಲ ಕಾಲು ಗಂಟೆ ಭಾಷಣ ಮಾಡಿ ನಾನು ಆರಿಸಿದ್ದು ಇದರಿಂದ ಎರಡು ಮನೆ ಆಚೆಗಿನದು. ದಿನಾ ರೊಟ್ಟಿ ಬಡಿಯುವವರಿಗೆ ಲ್ಯಾಬು ಬೇಕಿಲ್ಲವೆಂದು ಕಾಣುತ್ತದೆ. ಹಳದಿ ಹಲ್ಲು ಬೇಕೆಂದು ಕೇಳಿಕೊಂಡು ಬಂದವರು ನೀವೇ ಮೊದಲು ಎಂದು ಡಾಕ್ಟರು ನಕ್ಕಳು.

ರಿಕ್ಷಾ ಹತ್ತಿ ಮನೆಯ ಕಡೆಗೆ ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ ತಡೆಯಲಾಗದೆ ಕೇಳಿದೆ: "ನಿನಗ ಹೆಂಗ ಗೊತ್ತಾತು?"

"ನೋಡಾಕ ಬಂದ ದಿವಸನs ಗೊತ್ತಾತು."

"ಅದೆಂಗ?"

"ನಮ್ಮವ್ವ ತಾಟಿನಾಗ ಅಂಟಿನುಂಡಿ ಇಟ್ಟಿದ್ಲು. ನೀವು ಅತ್ತ ಇತ್ತ ನೋಡಿ ಕಿಸೆದಾಗ ಹಾಕ್ಕೊಂಡ್ರಿ. ನಾ ಪಡದೆ ಹಿಂದ ನಿಂತಿದ್ನೆಲ್ರಿ."

ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಕಟ್ಟಿದ ಆ ಉಂಡೆ ಚಳಿಯಲ್ಲಿ ಕಲ್ಲಾಗುತ್ತದೆ. ಕಡಿದಿದ್ದರೆ ಕ್ಯಾಪು ಅದರೊಳಗೇ ಉಳಿಯುತ್ತಿತ್ತು. ನಾನು ಕಿಸೆಗಿಳಿಸಿದ್ದನ್ನು ಯಾರೂ ನೋಡಲಿಲ್ಲವೆಂದು ಮೂವತ್ನಾಲ್ಕು ವರ್ಷ ಬೀಗಿದ್ದೆ. ತಾಟು ಖಾಲಿಯಾದದ್ದನ್ನು ಕಂಡು ಮಾವನವರು, ಹುಡುಗ ಸಂಕೋಚವಿಲ್ಲದೆ ತಿಂದ ಎಂದು ಮೆಚ್ಚಿದ್ದರಂತೆ.

"ಮೊದಲಿಗೆ ಕಳ್ಳ ಅದಾನೋ ಏನೋ ಅನ್ಕೊಂಡೆ," ಸರೋಜಾ ಹೇಳಿದಳು. "ಆಮ್ಯಾಲ ಬಾಯಿ ನೋಡಿದೆ. ತುಟಿ ಬಿಚ್ಚವಲ್ರಿ. ಹಲ್ಲಿಂದs ಏನೋ ಅದ ಅಂತ ತಿಳೀತು."

"ಮತ್ತ ಇಷ್ಟು ವರ್ಷ ಯಾಕ ಅನ್ಲಿಲ್ಲ?"

ಅವಳು ಚೀಲದ ಹಿಡಿಕೆಯನ್ನು ಸರಿಮಾಡಿಕೊಂಡಳು. "ನೀವs ಹೇಳ್ತೀರಂತ ಕಾದೆ. ಒಂದು ಹಲ್ಲಿನ ಸುದ್ದಿ ಹೇಳಲಾರದವ್ರು ಇನ್ನೇನೇನು ಮುಚ್ಚಿಟ್ಟಾರೋ ಅಂತ ಮೊದಲನೇ ವರ್ಷ ಭಾಳ ಅತ್ತೀನಿ. ಇದ್ದದ್ದು ಅದೊಂದs ಅಂತ ತಿಳಿಯಾಕ ಐದಾರು ವರ್ಷ ಹಿಡೀತು. ಅಷ್ಟರಾಗ ಉಂಡಿ ಪುಡಿ ಮಾಡೂದು ರೂಢಿ ಆಗಿತ್ತು."

ಉಂಡೆ ಪುಡಿ ಮಾಡುವುದು! ನನಗೆ ಆಗ ಹೊಳೆಯಿತು ನೋಡಿ. ನಮ್ಮ ಮನೆಯಲ್ಲಿ ಅಂಟಿನುಂಡಿಯನ್ನು ನನಗೆ ಯಾವಾಗಲೂ ಕುಟ್ಟಿ ಬಟ್ಟಲಲ್ಲಿ ಹಾಕಿ ಚಮಚೆಯ ಜೊತೆ ಕೊಡುತ್ತಾಳೆ. ಪೇರಲಹಣ್ಣು ಹೋಳು ಮಾಡಿ, ಕಬ್ಬು ಸಣ್ಣ ತುಂಡು ಮಾಡಿ, ಚಕ್ಕುಲಿ ಮುರಿದು. ಇದು ಧಾರವಾಡದ ಕಡೆಯ ಮರ್ಯಾದೆ, ಗಂಡನಿಗೆ ಹೀಗೆಯೇ ಬಡಿಸುತ್ತಾರೆ ಎಂದು ನಾನು ನಂಬಿದ್ದೆ. ಆಫೀಸಿನಲ್ಲಿ ಹೊಗಳಿಯೂ ಇದ್ದೆ. ಅದೇ ಮನೆಯಲ್ಲಿ ಮಗಳು ಇಡೀ ಉಂಡೆ ಕಟಕಟ ಕಡಿಯುವಾಗ, ಇವಳಿಗೆ ತವರಿನ ರೀತಿ ಕಲಿಸಿಲ್ಲವಲ್ಲ ಎಂದುಕೊಂಡಿದ್ದೆ. ಎರಡು ಬಿಳಿಗಳ ನಡುವಿನ ವ್ಯತ್ಯಾಸ ಕಂಡವನಿಗೆ ಎರಡು ತಾಟುಗಳ ನಡುವಿನದು ಕಾಣಲಿಲ್ಲ. ಅವಳು ಅತ್ತ ಆ ಮೊದಲನೆಯ ವರ್ಷದಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಂಡೆ. ಗುಟ್ಟು ಉಳಿಯಿತೆಂದು ಖುಷಿಯಾಗಿದ್ದೆ. ರಿಕ್ಷಾದಲ್ಲೇ ನನಗೆ ಬಹಳ ನಾಚಿಕೆಯಾಯಿತು. "ತಪ್ಪಾತು ಸರೋಜಾ" ಎಂದೆ. "ಆತು ಬಿಡ್ರಿ, ಸಿಗ್ನಲ್ ಬಿಟ್ಟದ" ಎಂದಳು.

ಹತ್ತು ದಿನಕ್ಕೆ ಹೊಸ ಹಲ್ಲು ಬಂದಿತು. ಕನ್ನಡಿಯಲ್ಲಿ ಹುಡುಕಿದರೆ ಯಾವುದು ಎಂದು ನನಗೇ ತಿಳಿಯುವುದಿಲ್ಲ. ಹಲ್ಲು ಕೂರಿಸುವ ಈಗಿನ ಅಂಟು ಗಟ್ಟಿ ಇರುತ್ತದೆ, ಸುಮ್ಮನೆ ಹೆದರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದಳು. ಮನೆಗೆ ಬಂದು ಕುಳಿತರೆ ಸರೋಜಾ ಚಹಾದ ಜೊತೆ ತಾಟು ತಂದಿಟ್ಟಳು. ತಾಟಿನಲ್ಲಿ ಇಡಿಯಾದ ಒಂದು ಅಂಟಿನುಂಡಿ. ಮೂವತ್ನಾಲ್ಕು ವರ್ಷಗಳಲ್ಲಿ ಮೊದಲ ಸಲ. "ತಿನ್ರಿ ಇನ್ನ" ಎಂದು ಹೇಳಿ ಅವಳು ಒಲೆಯ ಕಡೆಗೆ ತಿರುಗಿದಳು.

ನಾನು ಉಂಡೆಯನ್ನು ನೋಡಿದೆ. ಅದೂ ನನ್ನನ್ನು ನೋಡಿತು. ಕೈಗೆತ್ತಿಕೊಂಡು ಬಾಯಿಯ ತನಕ ಒಯ್ದೆ. ಧೈರ್ಯ ಸಾಲಲಿಲ್ಲ. ಅತ್ತ ಇತ್ತ ನೋಡಿ, ಮೆಲ್ಲಗೆ ಕಿಸೆಗಿಳಿಸಿದೆ.

"ಕಿಸೆದಾಗಿಂದ ತಗೀರಿ," ಸರೋಜಾ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ತುಪ್ಪದ ಕಲಿ ಹೋಗೂದಿಲ್ಲ."

ನನಗೆ ನಗು ಬಂದುಬಿಟ್ಟಿತು. ತಡೆಯಲಾಗದಂಥ ನಗು, ತುಟಿ ಮುಚ್ಚುವುದನ್ನೂ ಮರೆತು ನಕ್ಕೆ. ಉಂಡೆಯನ್ನು ಕುಟ್ಟಲೆಂದು ಕುಟ್ಟಾಣಿ ತೆಗೆದವಳು ಅದನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತ ನಿಂತಳು.

"ಇಷ್ಟು ವರ್ಷ ನಿಮ್ಮ ಹಲ್ಲು ನಿದ್ದಿಯೊಳಗ ಅಷ್ಟs ನೋಡಿದ್ದೆ," ಅಂದಳು. "ಎಚ್ಚರಿದ್ದು ನಕ್ಕಾಗ ಇವತ್ತs ನೋಡಿದ್ದು."